ನೆಲಮಾಳಿಗೆಯ ಹಸಿರು ಮಖಮಲ್ಲು

ಮಾರ್ಚ್ ಒಂಬತ್ತು, ಶನಿವಾರ. ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಸುಲೈಮಾನಿ ಸೀಮೆಯ ಗಡಿಯೂರು ಕಾನಿ ಹನಾರ್‌ನ ಪೊಲೀಸ್ ಠಾಣೆಗೆ ಚಿಮನ್ ಎಂಬ ಹೆಂಗಸು ಬಂದು, ತನ್ನ ತಂಗಿಯ ಮೇಲೆ ಯಾರೋ ಆಸಿಡ್ ಪ್ರಯೋಗ ಮಾಡಿದ್ದಾರೆಂದು ದೂರು ಕೊಟ್ಟಳು. ತಂಗಿ ಪರ್ಶಂಗ್, ವಯಸ್ಸು ಮೂವತ್ತೆರಡು, ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಎರಡು ಕೈಗಳ ತುಂಬ ಬೊಬ್ಬೆ, ಕಣ್ಣುಗಳು ಊದಿ ಮುಚ್ಚಿಹೋಗಿವೆ, ಗಂಟಲಿಂದ ಮಾತು ಹೊರಡುತ್ತಿಲ್ಲ. ನಸುಕಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದಾರೆ.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ನಬಜ್ ಕೇಳಿದ.

"ಎದುರಂಗಡಿ ಗುಲಾಲಾ. ಇನ್ಯಾರು? ನವ್ರೋಜ್ ಹಬ್ಬ ಹತ್ರ ಬಂತು ಅಂದ್ರೆ ನನ್ನ ತಂಗಿ ಅಂಗಡೀಲಿ ನಿಲ್ಲೋಕೂ ಜಾಗ ಇರಲ್ಲ. ಅವಳಂಗಡೀಲಿ ನೊಣ ಕೂತಿರುತ್ತೆ. ಹೊಟ್ಟೆ ಉರಿಯದೆ ಇರುತ್ತಾ ಸಾಹೇಬ್ರೆ?"

"ಆಸಿಡ್ ಹಾಕಿದ್ದನ್ನ ನೀವು ನೋಡಿದ್ರಾ?"

"ಇಲ್ಲ. ನಿನ್ನೆ ಮಧ್ಯಾಹ್ನ ಊಟ ಮಾಡಿ ಅಂಗಡಿಗೆ ಹೋದಾಗ ಚೆನ್ನಾಗೇ ಇದ್ಳು. ರಾತ್ರಿ ಕಣ್ಣುರಿ ಅಂದ್ಳು. ಈರುಳ್ಳಿ ಹೆಚ್ಚಿದ್ಯಾ ಅಂತ ನಗಾಡ್ದೆ ನಾನು."

ಎಫ್‌ಐಆರ್ ದಾಖಲಾಯಿತು. ನಬಜ್ ಮಹಿಳಾ ಪೇದೆ ಗೆಲಾವೇಜ್‌ಳನ್ನು ಕರೆದುಕೊಂಡು ಅಂಗಡಿಗೆ ಹೊರಟ. ಗೆಲಾವೇಜ್‌ಗೆ ಐವತ್ತು ದಾಟಿತ್ತು. ಯುದ್ಧವಿಮಾನಗಳು ವಿಷದ ಬಾಂಬು ಹಾಕಿ ಊರಿನ ಮೇಲೆ ವಿಷಮಳೆ ಸುರಿದ ವರ್ಷ ಅವಳು ಮದುವೆಯ ವಯಸ್ಸಿನ ಹುಡುಗಿ. ಅದರಿಂದಲೇ ಅವಳ ಧ್ವನಿ ಇಂದಿಗೂ ಒಡಕಲು.

ಅಂಗಡಿ ಒಂದೇ ಕೋಣೆಯದು. ಗೋಡೆಯುದ್ದಕ್ಕೂ ಹಬ್ಬದ ಉಡುಪುಗಳು ತೂಗುತ್ತಿದ್ದವು, ನೆಲದವರೆಗೆ ಇಳಿಯುವ, ಜರಿ ಹೊಳೆಯುವ ಅಂಗಿಗಳು. ಬಾಟಲಿ ಇಲ್ಲ, ಸುಟ್ಟ ಕಲೆಯಿಲ್ಲ, ಬಾಗಿಲ ಬೀಗ ಸರಿಯಿದೆ. ಬೆಳ್ಳುಳ್ಳಿಯಂಥ ಸಣ್ಣ ವಾಸನೆ ಇತ್ತು. ಊಟದ ಡಬ್ಬಿ ಇಲ್ಲೆಲ್ಲೋ ಇರಬೇಕೆಂದು ಗೆಲಾವೇಜ್ ಅಂದುಕೊಂಡಳು. ಅಕ್ಕಪಕ್ಕದ ಇಬ್ಬರ ಸಮ್ಮುಖದಲ್ಲಿ ಪಂಚನಾಮೆ ಬರೆದು ಅಂಗಡಿಗೆ ಮೊಹರು ಹಾಕಿದರು.

ಗುಲಾಲಾ ತನ್ನ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಪರ್ಶಂಗ್ ಮೇಲೆ ನಿಮಗೆ ಹೊಟ್ಟೆಕಿಚ್ಚಂತೆ," ಎಂದ ನಬಜ್.

"ಇಲ್ಲ ಅಂದವರ್ಯಾರು? ಅಂಗಡಿ ತೆಗೆದ ದಿನದಿಂದ ಇದೆ. ಅವಳು ಅಂಗಿ ತೋಳು ಕತ್ತರಿಸೋ ಹಾಗೆ ನನಗೆ ಬರಲ್ಲ. ಆ ಕೈ ಸುಟ್ಟುಹಾಕಿದ್ರೆ ನಾನು ಯಾರನ್ನ ನೋಡಿ ಕದ್ದು ಕಲೀಲಿ?"

"ನಿನ್ನೆ ಯಾರ್ಯಾರು ಬಂದಿದ್ರು?"

"ನಿನ್ನೆ ಶುಕ್ರವಾರದ ರಜ, ಗಿರಾಕಿ ಯಾರೂ ಇಲ್ಲ. ಒಬ್ಬಳೇ ಕೂತು ಏನೋ ಹೊಲಿಗೆ ಬಿಚ್ತಿದ್ಲು. ಗುರುವಾರ ಸಂಜೆ ಮಾತ್ರ ಒಬ್ಬಳು ಮುಖ ಮುಚ್ಕೊಂಡು ಬಂದು ಕಪ್ಪು ಚೀಲ ಕೊಟ್ಟು ಹೋದ್ಲು. ನನ್ನ ಹತ್ರ ಬರದ ಗಿರಾಕೀನ ನಾನು ಮರೆಯಲ್ಲ. ಆದ್ರೆ ಕಂಡಿದ್ದು ಬೆನ್ನು. ದಪ್ಪಗಿದ್ಲು, ವಯಸ್ಸಾಗಿತ್ತು."

ಹನ್ನೊಂದು ಗಂಟೆಗೆ ಅವರು ಆಸ್ಪತ್ರೆಗೆ ಬಂದರು. ಪರ್ಶಂಗ್‌ಳ ಉಸಿರಿಗೆ ನಳಿಕೆ ಹಾಕಿ, ನಿದ್ದೆಯ ಮದ್ದು ಕೊಟ್ಟು, ಸುಲೈಮಾನಿಯ ದೊಡ್ಡಾಸ್ಪತ್ರೆಗೆ ಕಳಿಸಲು ಸಿದ್ಧತೆ ನಡೆದಿತ್ತು. ಅವಳನ್ನು ಪ್ರಶ್ನಿಸುವಂತಿರಲಿಲ್ಲ. ಡಾಕ್ಟರ್ ಸಿರ್ವಾನ್ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

"ಆಸಿಡ್ ಅಲ್ಲ ಇದು. ಆಸಿಡ್ ಆಗಿದ್ರೆ ಬಿದ್ದ ಕೂಡಲೇ ಕಿರುಚ್ತಿದ್ಲು. ಇದು ಮುಟ್ಟಿದಾಗ ಏನೂ ಗೊತ್ತಾಗಲ್ಲ. ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಸುಡುತ್ತೆ. ನಾನು ಓದ್ತಾ ಇದ್ದಾಗ ಗಡಿಯಾಚೆ ನಿರಾಶ್ರಿತರ ಡೇರೆಗಳಲ್ಲಿ ಇಂಥ ಕೈಗಳನ್ನ ಬೇಕಾದಷ್ಟು ನೋಡಿದೀನಿ."

"ವಿಷಮಳೆಯದಾ?" ಗೆಲಾವೇಜ್ ಕೇಳಿದಳು. "ಅದಾಗಿ ಮೂವತ್ತು ವರ್ಷ ಆಯ್ತಲ್ಲ ಡಾಕ್ಟ್ರೇ."

"ಬಯಲಲ್ಲಿ ಬಿದ್ದಿದ್ದು ಬಿಸಿಲಿಗೆ ಹೋಯ್ತು. ಗಾಳಿ ಆಡದ, ತಣ್ಣಗಿರೋ ಜಾಗದಲ್ಲಿ ಬಟ್ಟೆಗೋ ಮರಕ್ಕೋ ಹೀರಿಕೊಂಡಿದ್ರೆ ಹಾಗೇ ಕೂತಿರುತ್ತೆ. ಅವಳು ಏನು ಮುಟ್ಟಿದ್ಲು ಅಂತ ಹುಡುಕಿ. ಅದನ್ನ ಇನ್ನೊಬ್ಬರು ಮುಟ್ಟೋ ಮೊದಲು."

"ಕಣ್ಣು?"

"ಈಗ ಏನೂ ಹೇಳಲಾರೆ. ಮೈಮೇಲಿನ ಬಟ್ಟೆ ತೆಗೆದು ತೊಳೆಯೋದು ನಿನ್ನೆ ಸಂಜೆನೇ ಆಗಬೇಕಿತ್ತು. ಯಾರಾದ್ರೂ ಹೇಳಿದ್ದಿದ್ರೆ."

ಗೆಲಾವೇಜ್‌ಗೆ ಅಂಗಡಿಯ ಬೆಳ್ಳುಳ್ಳಿ ವಾಸನೆ ನೆನಪಾಯಿತು. ವಿಷಮಳೆಯ ಆ ವಾಸನೆ ತಾನು ಮರೆಯಲಾರದ್ದು ಎಂದುಕೊಂಡಿದ್ದಳು. ಆದರೂ ಊಟದ ಡಬ್ಬಿ ಎಂದುಕೊಂಡಿದ್ದಳು.

ದಪ್ಪ ರಬ್ಬರಿನ ಕೈಗವಸು, ಮುಖಕ್ಕೆ ಮಾಸ್ಕು ಹಾಕಿಕೊಂಡು ಮತ್ತೆ ಅಂಗಡಿಗೆ ಬಂದು ಮೊಹರು ಒಡೆದರು. ಹೊಲಿಗೆಯಂತ್ರದ ಕೆಳಗೆ ಕಪ್ಪು ಚೀಲ, ಅದರ ಮೇಲೆ ಮಡಿಚಿಟ್ಟ ಹಸಿರು ಮಖಮಲ್ಲಿನ ಅಂಗಿ ಇತ್ತು. ಗೆಲಾವೇಜ್ ಕೋಲಿನ ತುದಿಯಿಂದ ಅದನ್ನು ಬಿಡಿಸಿದಳು. ಮಡಿಕೆಗಳುದ್ದಕ್ಕೂ ಬಟ್ಟೆ ಬಿರುಕು ಬಿಟ್ಟಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತಿದ್ದ ಬಟ್ಟೆ.

"ಈ ಮಖಮಲ್ಲು ನನಗೆ ಗೊತ್ತು," ಎಂದಳು ಮೆಲ್ಲಗೆ. "ಯುದ್ಧದ ಕೊನೇ ವರ್ಷ ಗಡಿಯಾಚೆಯಿಂದ ಹೇಸರಗತ್ತೆ ಮೇಲೆ ಬಂದಿತ್ತು. ನಾಲ್ಕೈದು ಮನೆಯವರಿಗಷ್ಟೇ ಸಿಕ್ತು. ನಮ್ಮಪ್ಪ ತಂದುಕೊಡಲಿಲ್ಲ ಅಂತ ನಾನು ಎರಡು ದಿನ ಅನ್ನ ಬಿಟ್ಟಿದ್ದೆ."

ಸೊಂಟದ ಎರಡೂ ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡುವ ಕೆಲಸ ನಡೆದಿತ್ತು. ಒಳಗೆ ಸೇರಿಸಲು ಬೇರೆ ಹಸಿರು ಬಟ್ಟೆಯ ಪಟ್ಟಿ ಕತ್ತರಿಸಿಟ್ಟಿತ್ತು.

"ಯಾರೋ ಮಗಳಿಗೆ ಕೊಡೋಕೆ ಅಜ್ಜಿ ಬಟ್ಟೆ ತೆಗೆದಿರ್ಬೇಕು," ಎಂದ ನಬಜ್.

"ಇಲ್ಲ ಸರ್. ಮಗಳಿಗಾಗಿದ್ರೆ ಇಷ್ಟು ಅಗಲ ಯಾಕೆ? ಹೊಲಿಸಿಕೊಂಡವಳು ಸಣ್ಣ ಸೊಂಟದ ಹುಡುಗಿ. ಈಗ ತೊಡೋಳು ನನ್ನ ಥರದವಳು. ತನ್ನದೇ ಆಗಿದ್ರೆ ಮುಖ ಮುಚ್ಕೊಂಡು ತರ್ತಿರ್ಲಿಲ್ಲ, ಅಂಗಿ ಅವಳದ್ದಲ್ಲ. ಆದ್ರೆ ಅವಳಿಗೆ ಅದೇ ಬೇಕಾಗಿದೆ."

ವಿಷಮಳೆಯಾದ ದಿನದಿಂದ ಮುಚ್ಚಿಯೇ ಇರುವ ಜಾಗ ಊರಲ್ಲಿ ಎಲ್ಲಿದೆ ಎಂದು ನಬಜ್ ಕೇಳಿದಾಗ ಅವಳು ಯೋಚಿಸಬೇಕಾಗಲಿಲ್ಲ. ಆಕ್ರೋಟು ಮರಗಳ ಓಣಿಯಲ್ಲಿ ಲತೀಫನ ಮನೆ. ಆ ದಿನ ಲತೀಫ್ ಬೆಟ್ಟದ ಮೇಲಿದ್ದ. ಇಳಿದು ಬಂದಾಗ ಹೆಂಡತಿ ಬಫ್ರಿನ್, ಮೂವರು ಮಕ್ಕಳು ನೆಲಮಾಳಿಗೆಯಲ್ಲಿದ್ದರು. ಮಕ್ಕಳು ಅಲ್ಲೇ ತೀರಿಹೋಗಿದ್ದರು. ಹೆಂಡತಿ ಆಮೇಲೆ ಎರಡು ದಿನವಷ್ಟೇ ಬದುಕಿದ್ದಳು. ನಾಲ್ವರನ್ನೂ ಹೊತ್ತು ಹೊರತಂದು ತನ್ನ ಶ್ವಾಸಕೋಶ ಸುಟ್ಟುಕೊಂಡ. ಗಡಿಯಾಚೆ ಓಡಿಹೋಗಿದ್ದ ಊರು ಹಿಂದಿರುಗಿದ ಮೇಲೆ ನೆಲಮಾಳಿಗೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿದ. ಆ ವರ್ಷವೇ ಬಫ್ರಿನ್‌ಳ ದೂರದ ಸಂಬಂಧಿ ಅಸ್ಮರ್‌ಳನ್ನು ಮದುವೆಯಾದ. ಓಣಿಯ ಮರಗಳು ಇವತ್ತಿಗೂ ಸರಿಯಾಗಿ ಕಾಯಿ ಹಿಡಿದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತೆರೆದವಳು ಅಸ್ಮರ್. ಲತೀಫ್ ಪರವೂರಿಂದ ಆಗಷ್ಟೇ ಮರಳಿ, ಮನೆಗೆ ಬರುವ ಮೊದಲು ಮಸೀದಿಗೆ ಹೋಗಿದ್ದ.

"ಬಾ ಗೆಲಾವೇಜ್. ಪೊಲೀಸ್ ಆದ್ಮೇಲೆ ನಮ್ಮ ಓಣಿ ಮರೆತೇ ಬಿಟ್ಟೆ. ಇವತ್ತೇನು, ಕಳ್ಳರು ಯಾರೂ ಸಿಗಲಿಲ್ವಾ?"

ಅವಳ ಎರಡೂ ಕೈಗಳಿಗೆ ಮಣಿಕಟ್ಟಿನವರೆಗೆ ಗೋರಂಟಿ ಮೆತ್ತಿ, ಮೇಲೆ ಬಟ್ಟೆ ಸುತ್ತಿತ್ತು.

"ಯಾರ ಮದುವೆ ಅಮ್ಮ?" ನಬಜ್ ಕೇಳಿದ.

"ಮದುವೆ ಇದ್ರೇ ಹಚ್ಕೋಬೇಕಾ? ಉರಿಗೆ ತಂಪು."

"ಯಾವ ಉರಿ?"

ಅವಳು ಕೈಗಳನ್ನು ಹಿಂದಕ್ಕೆ ಸರಿಸಿದಳು. ನಬಜ್ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ನೆಲಮಾಳಿಗೆ ಬಾಗಿಲಿನ ಇಟ್ಟಿಗೆ ಗೋಡೆಯ ಮೂಲೆಯಲ್ಲಿ ಒಬ್ಬರು ನುಸುಳುವಷ್ಟು ಜಾಗಕ್ಕೆ ಹೊಸ ಗಾರೆ ಬಳಿದು, ಬಣ್ಣ ಹೊಂದಲೆಂದು ಮಸಿ ತಿಕ್ಕಿದ್ದರು. ಬೆರಳಿಟ್ಟರೆ ಇನ್ನೂ ಹಸಿ.

"ಪರ್ಶಂಗ್‌ಗೆ ಕಣ್ಣು ಕಾಣ್ತಿಲ್ಲ," ಎಂದಳು ಗೆಲಾವೇಜ್. "ಉಸಿರಿಗೆ ನಳಿಕೆ ಹಾಕಿದಾರೆ. ಈಗ್ಲಾದ್ರೂ ಹೇಳಿ."

ಅಸ್ಮರ್ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಬದುಕ್ತಾಳಾ?"

"ಗೊತ್ತಿಲ್ಲ. ಯಾವತ್ತು ಗೋಡೆ ಒಡೆದ್ರಿ?"

"ಗುರುವಾರ. ಅವರು ಎದೆ ತೋರಿಸೋಕೆ ಸುಲೈಮಾನಿಗೆ ಹೋಗಿದ್ರು."

"ಒಳಗೆ ವಿಷ ಇದೆ ಅಂತ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಹೇಳ್ತಾನೇ ಇದಾರೆ. ಮುಟ್ಟಬೇಡ, ಸಾಯ್ತೀಯ, ಮುಟ್ಟಬೇಡ. ನಾನು ನಂಬಲಿಲ್ಲ."

"ಯಾಕೆ?"

"ಗಂಡಸರು ಇನ್ನೊಬ್ಬಳ ಪೆಟ್ಟಿಗೆ ಕಾಯೋಕೆ ಏನು ಬೇಕಾದ್ರೂ ಹೇಳ್ತಾರೆ ನಬಜ್. ಸಂಜೆ ಆದ್ರೆ ಈ ಬಾಗಿಲಿಗೆ ಬೆನ್ನು ಕೊಟ್ಟು ಕೂತ್ಕೋತಾರೆ. ತಂಬಾಕಿನ ಬೆಳೆ ಹೇಗಿದೆ, ಯಾರ ಮನೆ ಹಸು ಕರು ಹಾಕ್ತು, ಎಲ್ಲಾ ಗೋಡೆಗೆ ಹೇಳ್ತಾರೆ. ನನಗೆ ಮಾತ್ರ ಚಹಾ ಇದ್ಯಾ, ಮಾತ್ರೆ ಎಲ್ಲಿ, ಬಾಗಿಲು ಹಾಕು. ಅವಳಿಗೆ ಮೂರು ಮಕ್ಕಳು. ನನಗೆ ಮೂರು ಸಲ ಬಸಿರು ನಿಂತು ಮೂರೂ ಇಳಿದು ಹೋದ್ವು. ಅವಳಿಗಿನ್ನೂ ಇಪ್ಪತ್ನಾಲ್ಕೇ ವರ್ಷ. ನನಗೆ ಮಂಡಿ ನೋವು. ಒಳಗೆ ಏನಿಟ್ಟಿದಾರೆ ಅಂತ ಒಂದು ಸಲ ನೋಡಬೇಕಿತ್ತು, ಅಷ್ಟೆ."

"ಏನಿತ್ತು?"

"ಮಡಕೆ, ಹಾಸಿಗೆ, ಮಕ್ಕಳ ಚಪ್ಪಲಿ. ಪೆಟ್ಟಿಗೇಲಿ ಈ ಅಂಗಿ. ಹಬ್ಬಕ್ಕೆ ಇದನ್ನ ಹಾಕ್ಕೊಂಡು ಅವರ ಮುಂದೆ ನಿಲ್ಲೋಣ ಅಂದುಕೊಂಡೆ. ಆಗಲಾದ್ರೂ ತಲೆ ಎತ್ತಿ ನೋಡ್ತಾರಲ್ಲ."

ನಬಜ್ ಸ್ವಲ್ಪ ಹೊತ್ತು ಬರೆಯುತ್ತ ನಿಂತ. ಆಮೇಲೆ ಕೇಳಬೇಕಾದ್ದನ್ನು ಕೇಳಿದ.

"ಕೈ ಯಾವಾಗ ಉರೀತು?"

"ಶುಕ್ರವಾರ ಬೆಳಿಗ್ಗೆ ಎದ್ದಾಗ."

"ಪರ್ಶಂಗ್ ಆ ಅಂಗಿ ಬಿಚ್ಚೋಕೆ ಕೂತಿದ್ದು ಶುಕ್ರವಾರ ಮಧ್ಯಾಹ್ನದ ಮೇಲೆ. ಅವಳ ಅಂಗಡಿ ನಿಮ್ಮನೆಯಿಂದ ಹತ್ತು ನಿಮಿಷದ ದಾರಿ."

"ಹೌದು."

"ಗಂಡನಿಗೆ ಗೊತ್ತಾಗುತ್ತೆ ಅಂತ ಹೆದರಿದ್ರಾ?"

ಅಸ್ಮರ್ ಅಲ್ಲವೆಂದು ತಲೆಯಾಡಿಸಿದಳು. ಮಾತಾಡಿದ್ದು ನಬಜ್‌ನಿಗಲ್ಲ, ಗೆಲಾವೇಜ್‌ಗೆ.

"ಬೊಬ್ಬೆ ನೋಡಿದ ಕೂಡಲೇ ಗೊತ್ತಾಯ್ತು, ಅವರು ಹೇಳಿದ್ದು ನಿಜ ಅಂತ. ಇಷ್ಟು ವರ್ಷ ಕಾದಿದ್ದು ಅವಳ ಪೆಟ್ಟಿಗೇನಲ್ಲ, ನನ್ನನ್ನ. ಮುಟ್ಟಬೇಡ ಅಂದಾಗೆಲ್ಲ ನನ್ನ ಜೀವಕ್ಕೆ ಹೇಳಿದ್ದು. ನಿನ್ನೆ ಇಡೀ ದಿನ ಇಲ್ಲೇ ಕೂತು ಅದನ್ನೇ ಎಣಿಸ್ತಿದ್ದೆ ಕಣೇ, ಯಾವ ಯಾವ ದಿನ ಹೇಳಿದ್ರು ಅಂತ. ಕೈ ಉರೀತಿತ್ತು, ಸುಖವಾಗಿತ್ತು. ಆ ಹೊಲಿಯೋ ಹುಡುಗಿ ನೆನಪಾಗಲಿಲ್ಲ ಅಂತ ಸುಳ್ಳು ಹೇಳಲ್ಲ. ನೆನಪಾದ್ಲು. ಇನ್ನೊಂದು ಸ್ವಲ್ಪ ಹೊತ್ತು, ಆಮೇಲೆ ಹೋಗಿ ಹೇಳೋಣ ಅಂದುಕೊಂಡೆ. ಹಾಗೇ ಸಂಜೆ ಆಯ್ತು."

ಗೆಲಾವೇಜ್‌ಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಇನ್ನೊಂದೂ ಬಂತು. ಆ ಒಂದು ದಿನ ಇವಳಿಗೆ ಸಿಕ್ಕಿದ್ದು ತನಗೆ ಯಾವತ್ತೂ ಸಿಕ್ಕಿರಲಿಲ್ಲ ಎಂಬ ಸಣ್ಣ ಕುಟುಕು. ಅದು ತನ್ನಲ್ಲಿ ಎದ್ದಿದ್ದಕ್ಕೆ ಅವಳು ನಾಚಿದಳು.

ಬಂಧನದ ಕಾಗದ ಓದಿ ಹೇಳುವ ಹೊತ್ತಿಗೆ ಲತೀಫ್ ಬಂದ. ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಂಡ. ಪೊಲೀಸರನ್ನು ನೋಡಿದ, ಮಸಿ ತಿಕ್ಕಿದ ಮೂಲೆಯನ್ನು ನೋಡಿದ. ಆಮೇಲೆ ಹೆಂಡತಿಯ ಕೈಗೆ ಸುತ್ತಿದ ಬಟ್ಟೆ ನೋಡಿದ. ಏನಾಯಿತೆಂದು ನಬಜ್ ಹೇಳತೊಡಗಿದ. ಮುದುಕ ಕೇಳಿಸಿಕೊಳ್ಳುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಕೆಮ್ಮುತ್ತ ಅಸ್ಮರ್‌ಳ ಎದುರು ನೆಲದ ಮೇಲೆ ಕೂತ.

"ಗೋರಂಟಿ ಹಚ್ಚಬಾರದು. ಉಜ್ಜಲೂಬಾರದು. ಬರೀ ನೀರು ಬಿಡಬೇಕು," ಎಂದ. ಬಟ್ಟೆಯ ಗಂಟನ್ನು ಉಗುರಿನಿಂದ ಬಿಡಿಸಿದ. ಬೊಬ್ಬೆಗಳನ್ನು ಕಂಡಾಗ ಅವನ ಮುಖ ಬದಲಾಯಿತು. ತಗ್ಗಿದ ದನಿಯಲ್ಲಿ, ಎಂದೂ ಈ ಮನೆಯಲ್ಲಿ ಅಸ್ಮರ್ ಕೇಳಿರದ ಮೃದುತ್ವದಲ್ಲಿ ಹೇಳಿದ.

"ಹೆದರಬೇಡ ಬಫ್ರಿನ್. ಕೈ ಕೊಡು."

ನಬಜ್ ಗೋಡೆಯ ಕಡೆ ಮುಖ ತಿರುಗಿಸಿದ.

ಅಸ್ಮರ್ ಗಂಡನ ಬೋಳು ತಲೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ನೀರು ಮುಗಿಯುವವರೆಗೆ ಹಾಗೇ ಇದ್ದಳು. ಅವನು ತಪ್ಪು ತಿದ್ದಿಕೊಳ್ಳಲಿಲ್ಲ. ಅವಳು ತಿದ್ದಲಿಲ್ಲ.

ಮೂರೂವರೆಗೆ ಅವಳನ್ನು ಕಾವಲಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ವಿಷ ತಡೆಯುವ ಮುಖಗವಸು ತೊಟ್ಟ ತಂಡವೊಂದು ಬಂದು ಲತೀಫನನ್ನು ಮನೆ ಬಿಡಿಸಿ, ನೆಲಮಾಳಿಗೆಯಲ್ಲಿದ್ದುದನ್ನೆಲ್ಲ ಮುಚ್ಚಿದ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಯಿತು. ಮಕ್ಕಳ ಚಪ್ಪಲಿಗಳನ್ನು ಕೊಡಿ ಎಂದು ಲತೀಫ್ ಕೇಳಿದ. ಕೊಡಲಾಗುವುದಿಲ್ಲ ಎಂದರು. ಪರ್ಶಂಗ್ ಬದುಕಿದಳು. ಬಲಗಣ್ಣಿಗೆ ಬೆಳಕು ನೆರಳು ಗೊತ್ತಾಗುತ್ತದೆ. ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಮರಳುವುದಿಲ್ಲ ಎಂದು ಸುಲೈಮಾನಿಯ ವೈದ್ಯರು ಬರೆದುಕೊಟ್ಟಿದ್ದಾರೆ.

ಆರೋಪಪಟ್ಟಿಯನ್ನು ಬರೆದವಳು ಗೆಲಾವೇಜ್. ಅಪಾಯ ತಿಳಿದ ಮೇಲೂ ಎಚ್ಚರಿಸದೆ ಇನ್ನೊಬ್ಬರ ಅಂಗ ಊನಕ್ಕೆ ಕಾರಣಳಾದದ್ದು, ಎಂದು ಅಪರಾಧವನ್ನು ನಮೂದಿಸಿದಳು. ಉದ್ದೇಶ ಎಂಬಲ್ಲಿ ಸವತಿ ಮತ್ಸರ ಎಂದು ಬರೆದಳು.

ನಬಜ್ ಓದಿ, "ಸತ್ತವಳ ಮೇಲಾ? ನ್ಯಾಯಾಧೀಶರು ಒಪ್ತಾರಾ?" ಎಂದ.

"ಹೆಂಗಸಾಗಿದ್ರೆ ಒಪ್ತಾರೆ ಸರ್," ಎಂದು ಅವಳು ಸಹಿಗೆ ಪೆನ್ನು ಮುಂದಿಟ್ಟಳು.