ಬೆನ್ನ ಹಿಂದಿನ ಕಲ್ಲುಕಂಬ

ಆ ಗುರುವಾರ ಬೆಳಗ್ಗೆ ಮಧುಗಿರಿ ಬೆಟ್ಟವೇ ಕಾಣದಷ್ಟು ಮಂಜು. ಮಾರ್ಗಶಿರದ ಮಂಜೆಂದರೆ ಹಾಗೇ. ಎಂಟು ಗಂಟೆಯಾದರೂ ಏಳುವ ಮನಸ್ಸಿಲ್ಲದೆ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ.

ಯಶಸ್ವಿನಿ ಷೂ ಕಳಚಿಟ್ಟು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅಂಕಣಕ್ಕೆ ಕಾಲಿಟ್ಟಳು. ಮೊದಲು ಕಂಬಕ್ಕೆ ಕೈಮುಗಿಯಬೇಕು, ಆಮೇಲೆ ಆಟ.

ಬ್ಯಾಸ್ಕೆಟ್‌ಬಾಲ್ ಬೋರ್ಡನ್ನು ಹೊತ್ತು ನಿಂತಿದ್ದ ಆ ಕಲ್ಲುಕಂಬವನ್ನು ನೆಟ್ಟವನು ಅವಳ ತಾತ ಶಂಕರಲಿಂಗಪ್ಪ. ಕಬ್ಬಿಣ ತರುವ ಶಕ್ತಿಯಿಲ್ಲದ ಕಾಲ. ಬೆಟ್ಟದ ಬುಡದಿಂದ ಎತ್ತಿನಗಾಡಿಯಲ್ಲಿ ಕಲ್ಲು ತಂದು, ಅಂಕಣದ ತುದಿಗೆರೆಯ ಮೇಲೆ, ಬೋರ್ಡಿನ ನೇರ ಕೆಳಗೇ ನಿಲ್ಲಿಸಿದ್ದ. ಆಚೆ ತುದಿಗೂ ಅಂಥದೇ ಒಂದು. ಆಯುಧಪೂಜೆ ಬಂತೆಂದರೆ ಅದಕ್ಕೆ ಮೂರೆಳೆ ವಿಭೂತಿ.

ಇವತ್ತು ಆ ಕಂಬದ ಬುಡದಲ್ಲಿ ಯಾರೋ ಕೂತಿದ್ದರು. ಕೈಯಲ್ಲಿ ಹಳದಿ ಪಟ್ಟಿ... ದರ್ಜಿಗಳ ಅಳತೆ ಟೇಪು!

“ಯಾರ್ರೀ ಅದು? ಕಂಬಕ್ಕೆ ರವಿಕೆ ಹೊಲಿಸ್ತೀರಾ?”

ಅವನು ಬೆಚ್ಚಿ ಎದ್ದು ನಿಂತ. ಎತ್ತರದ ಆಳು, ಹಣೆಯ ಮೇಲೆ ಮಂಜಿನ ಹನಿ.

“ಬಸವೇಶ್ ಅಂತ. ಕಳ್ಳಂಬೆಳ್ಳದೋನು. ಕೊರಟಗೆರೆ ಸ್ಕೂಲ್ನಲ್ಲಿ ಪಿ.ಟಿ. ಮೇಷ್ಟ್ರು. ಜಯರಾಮಯ್ಯನೋರು ಒಂದ್ಸಲ ಬಂದು ನೋಡಿ ಅಂದ್ರು.”

ಜಯರಾಮಯ್ಯ ಕ್ಲಬ್ಬಿನ ಅಧ್ಯಕ್ಷರು. ಭಾನುವಾರ ಶಿರಾದಲ್ಲೂ ಸೋತರೆ ಹೆಂಗಸರ ತಂಡವನ್ನು ಮುಚ್ಚಿ, ಅಂಕಣವನ್ನು ವಾಲಿಬಾಲ್‌ನವರಿಗೆ ಬಿಟ್ಟುಕೊಡುವುದಾಗಿ ಹೋದ ವಾರವೇ ಹೇಳಿದ್ದರು.

ಅವರ ಕೋಪಕ್ಕೂ ಕಾರಣವಿತ್ತು. ಈ ಅಂಕಣದಲ್ಲಿ ಒಂದೂ ಸೋಲಿಲ್ಲ. ಕೊರಟಗೆರೆ, ಪಾವಗಡ, ಶಿರಾ... ಹೊರಗೆ ಹೋದಲ್ಲೆಲ್ಲ ಸೋಲು. ಎದುರಾಳಿಗಳು ದೂರದಿಂದ ಎಸೆಯುವ ಗೋಜಿಗೇ ಹೋಗದೆ, ರಿಂಗಿನ ಕೆಳಗೇ ನುಗ್ಗಿ ಚೆಂಡು ಹಾಕಿ ಹೋಗುತ್ತಿದ್ದರು. ಆ ಜಾಗ ಕಾಯಬೇಕಾದವಳು ಯಶಸ್ವಿನಿ. ನಾಯಕಿಯೂ ಅವಳೇ.

“ನಿಮ್ಮ ತೊಂದ್ರೆ ಬೇರೆಲ್ಲೂ ಇಲ್ಲ,” ಅಂದ ಬಸವೇಶ್. “ಈ ಕಂಬದಲ್ಲೈತೆ.”

ತಾತ ನೆಟ್ಟ ಕಂಬವೇ ತೊಂದರೆಯಂತೆ!

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎತ್ತಿದ್ದೇ ತಡ, ಒಂದು ಹೆಣ್ಣುದನಿ ಹೊರಗೂ ಕೇಳಿಸಿತು. “ಅಣ್ಣಾ, ಎಲ್ಲಿದ್ದೀಯ? ಶಿರಾಕ್ಕೆ ಪ್ರಾಕ್ಟೀಸ್‌ಗೆ ಬಿಡ್ತೀನಿ ಅಂದಿದ್ದೆ!”

ಆ ದನಿ ಯಶಸ್ವಿನಿಗೆ ಗೊತ್ತು. ಹೋದ ಸಲ ತನ್ನನ್ನು ದಾಟಿ ಹತ್ತು ಸಲ ಚೆಂಡು ಹಾಕಿದವಳು.

“ಭವ್ಯ ನಿಮ್ಮ ತಂಗಿನಾ?”

“ಹೂಂ. ಆದ್ರೆ...”

“ಓಹೋ. ತಂಗಿಗೆ ಒಪ್ಸೋಕೆ ನಮ್ಮ ಅಳತೆ ತಗೊಳ್ತಾ ಇದ್ದೀರಾ?” ಅವಳು ಟೇಪನ್ನು ಕಿತ್ತುಕೊಂಡಳು.

“ಅದು ನಮ್ಮಮ್ಮಂದು ಕಣ್ರೀ. ಬಟ್ಟೆ ಹೊಲಿಯೋಕೆ ಬೇಕು.”

“ಭಾನುವಾರ ಗೆದ್ಮೇಲೆ ಬಂದು ಇಸ್ಕೊಳ್ಳಿ.”

ಅವನು ಸಿಟ್ಟಾಗಲಿಲ್ಲ. ಅವಳನ್ನೇ ಒಂದು ಗಳಿಗೆ ನೋಡಿದ. “ಸರಿ. ಗೆದ್ಮೇಲೇ ಕೊಡಿ,” ಅಂದು ಮಂಜಿನೊಳಗೆ ಹೊರಟುಹೋದ.

ಮೂರು ದಿನ ಆ ನೋಟ ಅವಳ ಬೆನ್ನು ಬಿಡಲಿಲ್ಲ. ಕಳ್ಳನಿಗೆ ಅಂಥ ಕಣ್ಣಿರುತ್ತದೆಯೇ...?

* * *

ಶಿರಾದಲ್ಲಿ ಅರ್ಧ ಆಟ ಮುಗಿದಾಗ ಮಧುಗಿರಿ ಹದಿನೆಂಟು, ಶಿರಾ ಇಪ್ಪತ್ತೊಂಬತ್ತು. ಮತ್ತೆ ಅದೇ ಕಥೆ. ಭವ್ಯ ಎಲ್ಲಿಂದ ಬರುತ್ತಾಳೋ, ಹೇಗೆ ಬರುತ್ತಾಳೋ, ಯಶಸ್ವಿನಿ ತಿರುಗುವಷ್ಟರಲ್ಲಿ ಚೆಂಡು ರಿಂಗಿನೊಳಗೆ.

ಜಯರಾಮಯ್ಯ ಕನ್ನಡಕ ತೆಗೆದು ಒರೆಸುತ್ತಿದ್ದರು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವಳ ಪಕ್ಕಕ್ಕೆ ಭವ್ಯಳೇ ಬಂದು ನಿಂತಳು.

“ಅಕ್ಕಾ, ನಮ್ಮಮ್ಮನ ಟೇಪು ನಿಮ್ಮತ್ರ ಐತಂತಲ್ಲ. ಪಾಪ, ಮೂರು ದಿನದಿಂದ ದಾರ ಹಿಡ್ಕೊಂಡು ಅಳತೆ ತಗೀತಾವ್ಳೆ.”

“ನಿಮ್ಮಣ್ಣ ಎಲ್ಲಾ ಹೇಳಿರ್ಬೇಕಲ್ಲ.”

“ಹೇಳಿದ್ರೆ ಚೆನ್ನಾಗಿತ್ತು ಬುಡಿ. ಮಧುಗಿರಿನಾಗೆ ಏನ್ ನೋಡ್ದೆ ಅಂದ್ರೆ, ಮಂಜು ಅಂದ. ಮಂಜಿನಾಗೆ ಏನ್ ಕಂಡೆ ಅಂದ್ರೆ, ಊಟ ಬಿಟ್ಟು ಎದ್ದೋಗ್ಬುಟ್ಟ.” ಭವ್ಯ ಕಿಸಕ್ಕನೆ ನಕ್ಕು ಓಡಿದಳು.

ಯಶಸ್ವಿನಿಯ ಮುಖದ ಮೇಲಿನ ನೀರು ಹಾಗೇ ಉಳಿಯಿತು.

ಹೇಳಿಲ್ಲ... ಒಂದು ಮಾತೂ ಹೇಳಿಲ್ಲ! ಹಾಗಾದರೆ ಅವನು ನನಗೇ ಏನನ್ನೋ ಹೇಳಲು ಬಂದಿದ್ದನೇ?

ಅವಳು ತಲೆಯೆತ್ತಿ ಶಿರಾದ ರಿಂಗನ್ನು ನೋಡಿದಳು. ಇಲ್ಲಿ ಕಬ್ಬಿಣದ ಕಂಬ ಗೆರೆಯಿಂದ ನಾಲ್ಕಡಿ ಹಿಂದೆ. ಬೋರ್ಡು ಮಾತ್ರ ಮುಂದಕ್ಕೆ ಚಾಚಿಕೊಂಡಿದೆ. ಕೆಳಗೆ ಬರೀ ಬಯಲು.

ಆಗ ಅವಳಿಗೆ ತಿಳಿಯಿತು. ಊರಿನ ಅಂಕಣದಲ್ಲಿ ಗೆರೆ ಹಿಡಿದು ಹಿಂದಿನಿಂದ ಯಾರೂ ಬರುವಂತಿರಲಿಲ್ಲ, ಕಲ್ಲು ಅಡ್ಡ ನಿಂತಿತ್ತು. ತಾತನ ಕಂಬ ಎಷ್ಟು ನಿಷ್ಠೆಯಿಂದ ಕಾದಿತ್ತೆಂದರೆ, ಕಾಯುವ ಕೆಲಸವೊಂದಿದೆ ಎಂಬುದನ್ನೇ ಮೊಮ್ಮಗಳು ಕಲಿತಿರಲಿಲ್ಲ.

“ಕೇಳ್ರೇ ಇಲ್ಲಿ,” ಅಂದಳು ಗೆಳತಿಯರನ್ನು ಕೂಡಿಸಿ. “ಇಲ್ಲಿ ನಮ್ಮ ಕಂಬ ಇಲ್ಲ. ಅವ್ರೆಲ್ಲ ಗೆರೆ ಪಕ್ಕದಿಂದ್ಲೇ ನುಗ್ತಾ ಇದ್ದಾರೆ. ಅಲ್ಲಿ ನಾನು ನಿಲ್ತೀನಿ. ನಡೂವೆ ನೀವು ಬಿಗಿಯಾಗಿರಿ.”

“ನಡೂವಿಂದ ಬಂದ್ರೆ?”

“ಬಂದ್ರೆ ನಿಮ್ಮ ಮೇಲೇ ಬರ್ಲಿ. ದಾರಿ ಬುಡ್ಬೇಡಿ.”

ಒಂದೊಂದೇ ಅಂಕ ಕೂಡುತ್ತ ಬಂತು. ಹಿಂದಿನ ದಾರಿ ಮುಚ್ಚಿತೆಂದು ಶಿರಾದವರಿಗೆ ಅರ್ಥವಾಗುವಷ್ಟರಲ್ಲಿ ಕೊನೆಯ ಏಳು ಸೆಕೆಂಡು. ಮಧುಗಿರಿ ನಲವತ್ತೇಳು, ಶಿರಾ ನಲವತ್ತಾರು. ಚೆಂಡು ಭವ್ಯಳ ಕೈಯಲ್ಲಿ.

ಅವಳು ಗೆರೆ ಹಿಡಿದೇ ಬಂದಳು.

ಯಶಸ್ವಿನಿಯ ಬೆನ್ನ ಹಿಂದೆ ಗಾಳಿ ಬಿಟ್ಟು ಏನೂ ಇರಲಿಲ್ಲ. ಶಿವನೇ, ಅಂದುಕೊಂಡು ಕಾಲೂರಿ ನಿಂತಳು. ಕದಲಲಿಲ್ಲ. ಭವ್ಯ ಬಂದು ಎದೆಗೇ ಅಪ್ಪಳಿಸಿದಳು. ಇಬ್ಬರೂ ನೆಲಕ್ಕುರುಳಿದರು. ಚೆಂಡು ರಿಂಗಿನ ಸುತ್ತ ತಿರುಗಿ ಒಳಗೆ ಬಿತ್ತು...

ಸೀಟಿ.

ಫೌಲ್ ಯಾರದು? ಬಿದ್ದಲ್ಲಿಂದಲೇ ಅವಳು ತಲೆಯೆತ್ತಿ ನೋಡಿದಳು. ರೆಫರಿ ಮುಷ್ಟಿಯನ್ನು ಅಂಗೈಗೆ ಗುದ್ದಿ ತೋರಿಸಿದ. ನುಗ್ಗಿದವಳದೇ ತಪ್ಪು, ಆ ಅಂಕ ಲೆಕ್ಕಕ್ಕಿಲ್ಲ.

ಎಬ್ಬಿಸಲು ಮೊದಲು ಕೈಕೊಟ್ಟವಳು ಭವ್ಯ. “ಕಲ್ಲಿದ್ದಂಗೆ ಇದ್ದೀರಲ್ಲಕ್ಕ,” ಅಂದಳು ಭುಜ ಉಜ್ಜಿಕೊಳ್ಳುತ್ತ.

ಜಯರಾಮಯ್ಯ ಕನ್ನಡಕ ಹಾಕಿಕೊಂಡರು. “ವಾಲಿಬಾಲ್‌ನೋರಿಗೆ ಬೇರೆ ಜಾಗ ನೋಡ್ಬೇಕು ಕಣಮ್ಮ.”

* * *

ಎಲ್ಲರೂ ಬಸ್ಸಿನತ್ತ ಹೋದ ಮೇಲೆ, ಬೋರ್ಡಿನ ನೆರಳಿನಲ್ಲಿ ಬಸವೇಶ್ ಒಬ್ಬನೇ ನಿಂತಿದ್ದ.

“ಅವತ್ತು ಮಾತು ಯಾಕೆ ಪೂರ್ತಿ ಮಾಡ್ಲಿಲ್ಲ?” ಕೇಳಿದಳು.

“ನೀವು ಬೈದ್ರಲ್ಲ, ಮರ್ತೋಯ್ತು.”

“ಅಷ್ಟು ಜೋರಾಗಿ ಬೈದ್ನಾ?”

“ಬೈಗುಳಕ್ಕಲ್ಲ.” ಅವನು ಷೂವಿನ ತುದಿಯಿಂದ ಗೆರೆ ತೀಡಿದ. “ಒಂದು ವರ್ಷದಿಂದ ನಿಮ್ಮ ಎಲ್ಲಾ ಮ್ಯಾಚೂ ನೋಡಿದೀನಿ. ನಮ್ಮ ಭವ್ಯ ನಿಮ್ಮನ್ನ ಸೋಲಿಸಿ ಬಂದಾಗ್ಲೆಲ್ಲ ಅಮ್ಮ ಒಬ್ಬಟ್ಟು ಮಾಡೋಳು. ನಂಗೆ ಮಾತ್ರ ಸೇರ್ತಿರ್ಲಿಲ್ಲ.”

ಕಳ್ಳ ಅಂದುಕೊಂಡವಳು ಈಗ ಏನೆಂದು ಕರೆಯಬೇಕು...?

“ತಪ್ಪಾಯ್ತು ಕಣ್ರೀ,” ಅಂದಳು ಕೊನೆಗೆ.

“ಬುಡಿ. ಇವತ್ತು ಒಬ್ಬಟ್ಟಿಲ್ಲ. ಊಟ ಸೇರುತ್ತೆ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

“ಅಮ್ಮಂಗೆ ಹೇಳಿ, ಕಂಬಕ್ಕೆ ರವಿಕೆ ಬೇಡವಂತೆ. ನಂಗೆ ಬೇಕು. ಅಳತೆ ಕೊಡೋಕೆ ಕಳ್ಳಂಬೆಳ್ಳಕ್ಕೆ ನಾನೇ ಬರ್ತೀನಿ ಅಂತ.”

“ಯಾವತ್ತು?”

ಅವಳು ಷೂ ಚೀಲದಿಂದ ಟೇಪನ್ನು ತೆಗೆದಳು. ಅಂಚು ಮಾಸದಂತೆ ಸುತ್ತಿ, ತನ್ನ ತಲೆಗೂದಲಿನ ಬ್ಯಾಂಡು ಹಾಕಿಟ್ಟಿದ್ದಳು. ಅವನ ಅಂಗೈ ಬಿಡಿಸಿ, ಅದರಲ್ಲಿಟ್ಟಳು.