ಮೂರನೆಯ ಮೊಳೆ

“ನಮ್ಮಪ್ಪ ಸತ್ತು ಒಂಬತ್ತ ದಿನಾ ಆಗೇತಿ. ಅಷ್ಟರಾಗ ಅವನ ಚೀಟಿ ‘ಮುಗೀತು’ ಅಂತ ತೂಗಹಾಕೀರೇನ್ರಿ?”

ಇಳಕಲ್ಲಿನ ನೇಕಾರ ಸಂಘದ ಬಾಗಿಲಲ್ಲಿ ನೀಲಾಬಾಯಿ ಒದರಿದಳು. ಕಾರಕೂನ ಕಾಶಪ್ಪ ಬೆಚ್ಚಿಬಿದ್ದು, ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡ.

ಆರೇ ಮಗ್ಗದ ಸಂಘವಾದರೂ ಹೋದ ವರ್ಷದ ತನಕ, ಅಂದರೆ 1983ರವರೆಗೆ, ಅಲ್ಲಿ ಯಾರು ಏನು ನೇಯುತ್ತಿದ್ದಾರೆಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದೇ ಸೀರೆಯನ್ನು ಇಬ್ಬರು ನೇಯ್ದು ಜಗಳವಾಡುತ್ತಿದ್ದರು. ಬಾಗಲಕೋಟೆಯಿಂದ ಬಂದ ಕಾಶಪ್ಪ ಒಂದು ಹಲಗೆಗೆ ಮೂರು ಮೊಳೆ ಹೊಡೆದ. ಮಾಡಬೇಕು, ನಡದೈತಿ, ಮುಗೀತು. ಸೀರೆಗೊಂದು ಚೀಟಿ; ಓದು ಬಾರದವರಿಗೆ ಅವರವರ ಬಣ್ಣದ ನೂಲು. ಕೆಲಸ ಸಾಗಿದಂತೆ ಚೀಟಿ ಒಂದು ಮೊಳೆಯಿಂದ ಇನ್ನೊಂದಕ್ಕೆ. ಜಗಳ ಮುಗಿಯಿತಲ್ಲ! ಹಲಗೆಯ ಮೇಲೆ ಸುಳ್ಳು ಇರಬಾರದು ಎಂಬುದೊಂದೇ ಅವನ ಹಟ. ಆ ಹಟಕ್ಕೇ ನೀಲಾ ಮನಸೋತಿದ್ದಳು.

ಈಗ? ಅಪ್ಪ ಅಮಾತೆಪ್ಪ ಅರ್ಧ ಸೀರೆ ನೇಯ್ದು ಮಗ್ಗದ ಮೇಲೆಯೇ ಪ್ರಾಣ ಬಿಟ್ಟಿದ್ದ. ಅವನ ಹಸಿರು ನೂಲಿನ ಚೀಟಿ ಮೂರನೆಯ ಮೊಳೆಯಲ್ಲಿ...

‘ಎಂಥಾ ಕಲ್ಲ ಮನಸಿನಾಂವ ಇಂವ...’

“ಅರ್ಧಾ ಸೀರಿ ಮುಗಿಯೂದು ಹ್ಯಾಂಗ್ರಿ?”

ಒಳಕೋಣೆಯಲ್ಲಿದ್ದ ಅಧ್ಯಕ್ಷ ಅಂದಾನಪ್ಪ ಆ ಮಾತು ಕೇಳಿ ಹೊರಬಂದ. ಮಗ್ಗ ನೋಡಿದ, ಹಲಗೆ ನೋಡಿದ.

“ಕಾಶಪ್ಪ, ನಾಳಿಯಿಂದ ನೀ ಬರಬ್ಯಾಡ. ಈ ಮಗ್ಗ, ಸರದಿ ಕಾಯಾಕತ್ತಿದ ಮುರ್ತುಜಸಾಬಗ.”

ನೀಲಾ ಕಕ್ಕಾಬಿಕ್ಕಿಯಾದಳು. ಪಕ್ಕದ ಮಗ್ಗದ ಮುದುಕಿ ಸಕ್ರವ್ವ ಹಣೆ ಚಚ್ಚಿಕೊಂಡಳು.

“ಎಂಥಾ ಕೆಲಸಾ ಮಾಡಿದಿ ನನ್ನವ್ವಾ! ಎಂಟ ದಿನಾ ಚೀಟಿ ಮುಂದಿನ ಮೊಳಿಗೆ ಜರಗಲಿಲ್ಲಂದ್ರ ಮಗ್ಗ ಬ್ಯಾರೇದವರಿಗೆ ಅಂತ ಸಂಘದ ಕಾಯ್ದೆ. ಮುಗದ್ರ ಮುಂದಿನ ಸೀರಿ ಮನಿಯವರಿಗೇ. ಮಗ್ಗ ನಿಮಗ ಉಳೀಲಿ, ನೀ ಬಂದು ನೇಯ್ಲಿ ಅಂತ ಅಂವ ಹಲಗಿ ಮ್ಯಾಲೆ ಸುಳ್ಳ ಹೇಳಿದ್ದ.”

ಮಗ್ಗ ಹೋದರೆ ತಾಯಿ–ಮಗಳಿಗೆ ಹುನಗುಂದದ ಮಾವನ ಮನೆಯ ಚಾಕರಿಯೇ ಗತಿ. ಅದನ್ನು ತನ್ನ ಬಾಯಿಂದಲೇ ತಂದುಕೊಂಡಿದ್ದಳು. ಅವಳಿಗೆ ಅಳುವುದಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಕಾಶಪ್ಪ ಟ್ರಂಕು ಹಿಡಿದು ನಿಂತಿದ್ದ.

“ನನ್ನಿಂದ ನಿಮ್ಮ ಕೆಲಸಾ ಹೋತ್ರಿ...”

“ಸುಳ್ಳ ಹೇಳಿದಾಂವ ನಾ.”

“ಯಾಕ ಹೇಳಿದ್ರಿ?”

ಬಾಗಲಕೋಟೆಯ ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ.

“ನೀ ಊರ ಬಿಟ್ರ ನಾ ಇರಾಂಗಿಲ್ಲ, ನೀಲಾ. ಅದಕ್ಕ.”

ಬಸ್ಸು ಹೊರಟುಹೋಯಿತು. ನೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇದನ್ನ ನಮ್ಮವ್ವನ ಮುಂದ ಹೇಳ್ರಿ.”

“ಕೆಲಸ ಇಲ್ಲದಾಂವಗ ಮಗಳನ್ನ ಕೊಡತಾರೇನು?”

“ಮಗ್ಗ ಇಲ್ಲದಾಕಿನ್ನ ಮತ್ತ್ಯಾರ ಮಾಡ್ಕೋತಾರ್ರಿ?”