ಪಾತ್ರೆ ತೊಳೆಯುವ ಹೊತ್ತಿನ ಜಗಳ

"ನನ್ನ ಅಡುಗೆಗೆ ಉಪ್ಪು ಕಮ್ಮಿ ಅಂತ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನೀವೇ ತಾನೇ ಅತ್ತೆ? ನನಗೇ ಹೇಳಬಹುದಿತ್ತಲ್ಲ!" ಎನ್ನುತ್ತ ಸೊಸೆ ತಟ್ಟೆಯನ್ನು ಠಣ್ಣನೆ ಇಟ್ಟಳು.

"ಹೇಳಿದ್ದು ನಿಜ, ತಪ್ಪಾಯ್ತು. ಆದರೆ ಬೆಳಿಗ್ಗೆ ನಾನು ಮಾತಾಡ್ತಿರುವಾಗಲೇ ಎದ್ದು ಹೋದೆಯಲ್ಲ, ನಾನೇನು ಗೋಡೆ ಹತ್ತಿರ ಮಾತಾಡ್ತಿದ್ನಾ?"

"ಹಾಲು ಉಕ್ತಿತ್ತು ಅತ್ತೆ!"

"ಉಕ್ತಿದೆ ಅಂತ ಹೇಳಿ ಹೋಗೋಕೆ ಬಾಯಿ ಬಿದ್ದುಹೋಗಿತ್ತಾ?"

ರಾತ್ರಿಯ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಆ ಅಡುಗೆಮನೆಯಲ್ಲಿ ಹೀಗೊಂದು ಜಟಾಪಟಿ ನಡೆಯದ ದಿನವೇ ಇರಲಿಲ್ಲ. ಅತ್ತೆ ಉಜ್ಜುವವರು, ಸೊಸೆ ಒರೆಸುವವಳು. ಕೊನೆಯ ಲೋಟ ಒರೆಸಿಡುವಷ್ಟರಲ್ಲಿ ಇಬ್ಬರ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂದಿರುತ್ತಿತ್ತು. ಆಮೇಲೆ ಒಂದೇ ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡು ಹರಟೆಗೆ ಕೂರುತ್ತಿದ್ದರು. ಇದೆಲ್ಲ ಮಗನಿಗೆ ಗೊತ್ತಿದ್ದರೆ ತಾನೇ! ಸೈಕಲ್ ರಿಪೇರಿ ಅಂಗಡಿಯಿಂದ ದಣಿದು ಬಂದು ಉಂಡವನು, ದನಿ ಏರಿದ್ದು ಕೇಳಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಗೆ ನಡೆದುಬಿಡುತ್ತಿದ್ದ. ಪುಣ್ಯಾತ್ಮ, ಜಗಳ ಶುರುವಾಗುವುದನ್ನು ಕೇಳಿದ್ದನೇ ಹೊರತು ಮುಗಿದದ್ದನ್ನು ಒಮ್ಮೆಯೂ ನೋಡಿರಲಿಲ್ಲ.

ಅವತ್ತು ಮಾತ್ರ ಅವನು ಹೊರಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಜೇಬಿನಿಂದ ಒಂದು ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟ.

"ಎರಡು ಬೀದಿ ಆಚೆ ಒಂದು ಮನೆ ಹಿಡಿದಿದ್ದೀನಿ. ಬರೋ ತಿಂಗಳು ನಾನೂ ಇವಳೂ ಅಲ್ಲಿಗೆ ಹೋಗ್ತೀವಿ ಅಮ್ಮ. ನೀನು ಇಲ್ಲಿ ನೆಮ್ಮದಿಯಾಗಿರು... ನಿಮ್ಮಿಬ್ಬರನ್ನ ಹೀಗೆ ನೋಡೋಕೆ ನನ್ನ ಕೈಲಾಗಲ್ಲ!"

ತಾಯಿ ಉಜ್ಜುತ್ತಿದ್ದ ಪಾತ್ರೆಯನ್ನು ಹಾಗೇ ಬಿಟ್ಟರು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಯಾರನ್ನ ಕೇಳಿ ಮನೆ ಹಿಡಿದ್ರಿ?" ಸೊಸೆ ಗಂಡನ ಮೇಲೆ ಹರಿಹಾಯ್ದಳು. "ನಾನಂತೂ ಬರಲ್ಲ. ಬೇಕಿದ್ರೆ ನೀವೊಬ್ಬರೇ ಹೋಗಿ ಇರಿ!"

"ದಿನಾ ಕಚ್ಚಾಡ್ತೀರಲ್ಲ..."

"ನಾಳೆಗೆ ಉಳೀಬಾರದು ಅಂತ ಕಚ್ಚಾಡ್ತೀವಿ ಕಣೋ!" ತಾಯಿ ಕೂತಲ್ಲಿಂದಲೇ ಗದರಿದರು. "ನಿನ್ನ ದೊಡ್ಡಮ್ಮನ ಜೊತೆ ನಾನು ಮಾತು ಬಿಟ್ಟಿದ್ದು ಯಾಕೆ ಗೊತ್ತಾ? ಒಂದು ಬಾಣಲೆಗೆ! ಎರವಲು ತಗೊಂಡು ತಳ ಸುಟ್ಟು ವಾಪಸ್ ಕೊಟ್ಲು. ‘ಯಾಕೇ ಹೀಗೆ ಮಾಡಿದೆ’ ಅಂತ ಅವತ್ತೇ ಕೇಳಿದ್ರೆ ಮುಗೀತಿತ್ತು. ಕೇಳಲಿಲ್ಲ. ನನ್ನ ಬಾಣಂತನಕ್ಕೆ ಅವಳು ಬರಲಿಲ್ಲ, ಅವಳ ಮಗಳ ಮದುವೆಗೆ ನಾನು ಹೋಗಲಿಲ್ಲ... ಕೊನೆಗೆ ಮುಖ ನೋಡೋಕೆ ಹೋದಾಗ ಅವಳು ಕಣ್ಣು ಮುಚ್ಚಿ ಆಗಿತ್ತು! ಅದಕ್ಕೇ ಇವಳು ಈ ಮನೆಗೆ ಕಾಲಿಟ್ಟ ವಾರವೇ ಹೇಳಿದೆ, ನನ್ನ ಮೇಲೆ ಏನಿದ್ರೂ ಅವತ್ತವತ್ತೇ ಬೈದುಬಿಡು ಮಗಳೇ ಅಂತ."

"‘ಚಕ್ರದ ಒಂದು ಕಡ್ಡಿ ಸಡಿಲ ಆದಾಗಲೇ ಸೈಕಲ್ ತರಬಾರದಾ’ ಅಂತ ಗಿರಾಕಿಗಳನ್ನೆಲ್ಲ ಗದರ್ತೀರಲ್ಲ," ಎಂದಳು ಸೊಸೆ, ದನಿ ಮೆತ್ತಗಾಗಿ. "ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಯಾವತ್ತಾದ್ರೂ ಹೇಳಿದ್ದೀರಾ? ಈಗ ಹೇಳಿ."

ಅವನು ಗ್ರೀಸು ಮೆತ್ತಿದ ಉಗುರುಗಳನ್ನೇ ನೋಡುತ್ತ ಬಾಯಿಬಿಟ್ಟ.

"ಅಮ್ಮ... ನೀನು ನನ್ನ ಹತ್ತಿರ ಮಾತ್ರ ಜಗಳ ಆಡಲ್ಲ. ಅಪ್ಪ ಹೋಗಿ ಐದು ವರ್ಷ ಆಯ್ತು, ಅವತ್ತಿಂದ ನನ್ನನ್ನ ನೆಂಟರ ಥರ ನೋಡ್ಕೋತೀಯ. ಬಡಿಸ್ತೀಯ, ‘ಸಾಕಾ’ ಅಂತೀಯ, ಸುಮ್ಮನಾಗ್ತೀಯ. ಈ ಮನೆಯಲ್ಲಿ ನಾನು ಯಾರು ಅನ್ಸುತ್ತಮ್ಮ..."

ಅಯ್ಯೋ, ಇಷ್ಟು ದೊಡ್ಡ ಗಂಡಸಿನೊಳಗೆ ಇಂಥದ್ದೊಂದು ಕೊರಗು ಕೂತಿತ್ತೇ! ತಾಯಿ ಮೆಲ್ಲಗೆ ಎದ್ದು ಅವನೆದುರು ನಿಂತರು.

"ಹೌದು ಕಣೋ, ನಿನ್ನ ಮೇಲೆ ಕೋಪ ಇದೆ. ಅಪ್ಪ ಹೋದ ದಿನ ನೀನು ಒಂದು ಹನಿ ಕಣ್ಣೀರು ಹಾಕಲಿಲ್ಲ! ಇವನಿಗೆ ಅಪ್ಪ ಅಷ್ಟೂ ಬೇಡವಾಗಿದ್ರಾ ಅಂತ... ಕೇಳೋಕೇ ಹೆದರಿಕೊಂಡು ಕೂತೆ."

"ನಾನು ಅತ್ತರೆ ನೀನು ಕುಸಿದುಹೋಗ್ತೀಯ ಅಂತಮ್ಮ! ಅಂಗಡಿ ಬಾಗಿಲು ಎಳ್ಕೊಂಡು ದಿನಾ ಒಬ್ಬನೇ..."

"ಪೆದ್ದ! ನನ್ನನ್ನ ಬಿಟ್ಟು ಒಬ್ಬನೇ ಅಳೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ!" ಎನ್ನುತ್ತ ತಾಯಿ ಒದ್ದೆ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದರು. ಅವನು ತಾಯಿಯ ಹೆಗಲಿಗೆ ಮುಖ ಒತ್ತಿ, ಬೀದಿಗೆಲ್ಲ ಕೇಳುವಂತೆ ಬಿಕ್ಕಿ ಬಿಕ್ಕಿ ಅತ್ತ.

ಸೊಸೆ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು, ಒಂದು ಸ್ಟೂಲು ತಂದು ಗಂಡನ ಕಾಲ ಬಳಿ ಇಟ್ಟಳು.

"ಕೂತ್ಕೊಳ್ಳಿ. ಐದು ವರ್ಷದ ಜಗಳ ಬಾಕಿ ಇದೆ, ನಿಂತುಕೊಂಡು ಮುಗಿಯಲ್ಲ."